ಕ್ಯಾಲೊರಿ ಕೋಟಾ ಉಳಿಸಬೇಡಿ, ಪೂರ್ತಿ ತಿನ್ನಿ: ತೂಕ ಇಳಿಸಿದ ನನ್ನ ಲೆಕ್ಕ

ತಿಂದದ್ದರ ಲೆಕ್ಕ ಇಡುವ ಆ್ಯಪ್ ದಿನದ ಕೋಟಾ 1850 ಕ್ಯಾಲೊರಿ ಅಂತ ತೋರಿಸಿದರೆ 1850 ತಿನ್ನಬೇಕು. 1400ಕ್ಕೆ ನಿಲ್ಲಿಸಿ, 450 ಉಳಿಸಿದೆ ಅಂತ ಬೀಗುವುದರಿಂದ ಲಾಭವೇನಿಲ್ಲ. ಹೀಗೆಂದಾಗ "ಅಷ್ಟು ತಿಂದರೆ ತೂಕ ಇಳಿದ ಹಾಗೇ!" ಅಂತ ನಕ್ಕವರೇ ಹೆಚ್ಚು. ಅರ್ಧ ವರ್ಷಕ್ಕೆ ತುಸು ಮೇಲೆ ಹಿಡಿಯಿತು, ಹತ್ತಿರ ಹತ್ತಿರ 9 ಕೆಜಿ ಇಳಿಯಿತು, ಅದೂ ಕೋಟಾ ಬೇಕಂತಲೇ ಉಳಿಸದೆ. ನಕ್ಕವರಲ್ಲಿ ಒಂದಿಬ್ಬರು ಈಗ ಇದೇ ಲೆಕ್ಕ ಬರೆಯುತ್ತಿದ್ದಾರೆ, ಹಾಗಾಗಿ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಕ್ಯಾಲೊರಿ ಅಂದರೇನು, ಆ್ಯಪ್ ಬಳಸೋದು ಹೇಗೆ ಅನ್ನೋದು ಗೊತ್ತಿದ್ದವರಿಗೆ ಇದು.

ಎಲ್ಲ ಗೊಂದಲದ ಬೇರು ಒಂದೇ. ಕೋಟಾದೊಳಗೆ ಕೊರತೆ, ಅಂದರೆ ಖರ್ಚಿಗಿಂತ ಕಮ್ಮಿ ತಿನ್ನುವ ಪಾಲು, ಆಗಲೇ ಸೇರಿಕೊಂಡಿದೆ ಅನ್ನೋದು ಮರೆತುಹೋಗುತ್ತದೆ. 82 ಕೆಜಿ, 170 ಸೆಂ.ಮೀ., 40 ವಯಸ್ಸಿನ ಗಂಡಸಿನ ಲೆಕ್ಕ ತೆಗೆದುಕೊಳ್ಳಿ. 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಲ್ಲಿ ತೂಕದ 10 ಪಟ್ಟು, ಎತ್ತರದ 6.25 ಪಟ್ಟು ಕೂಡಿಸಿ, ವಯಸ್ಸಿನ 5 ಪಟ್ಟು ಕಳೆದು, ಗಂಡಸಿಗೆ 5 ಸೇರಿಸುತ್ತಾರೆ, ಹೆಂಗಸಿಗೆ 161 ಕಳೆಯುತ್ತಾರೆ. ಇವನಿಗೆ ಸುಮಾರು 1690 ಬರುತ್ತದೆ, ಅದು ಸುಮ್ಮನೆ ಮಲಗಿದ್ದರೂ ದಿನಕ್ಕೆ ಆಗುವ ಖರ್ಚು. ಕೂತು ಮಾಡುವ ಕೆಲಸ, ಜೊತೆಗೆ ದಿನಾ ಒಂದಿಷ್ಟು ನಡಿಗೆ ಅಂದರೆ 1.375ರಿಂದ ಗುಣಿಸಿ, ದಿನದ ಒಟ್ಟು ಖರ್ಚು 2320. ಅದರಲ್ಲಿ 450–470 ಕಳೆದು ಆ್ಯಪ್ 1850 ಅನ್ನುತ್ತದೆ. ಈ 1850ರಿಂದ ಮತ್ತೆ 450 ಉಳಿಸುವುದು, ತೆರಿಗೆ ಮುರಿದುಕೊಂಡು ಕೈಗೆ ಬಂದ ಸಂಬಳಕ್ಕೆ ಇನ್ನೊಂದು ಸಲ ತೆರಿಗೆ ಕಟ್ಟಿದ ಹಾಗೆ.

ಉಳಿಸಿದ್ದು ಎಲ್ಲಿಗೆ ಹೋಗುತ್ತದೆ ನೋಡಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 1350ರಂತೆ ತಿಂದರೆ 6750. ಶನಿವಾರ, ಭಾನುವಾರ ಹಸಿವು ಕಟ್ಟೆಯೊಡೆದು ದಿನಕ್ಕೆ 3150 ಆದರೆ 6300. ವಾರಕ್ಕೆ ಒಟ್ಟು 13,050. ದಿನಾ 1850 ತಿಂದವನ ವಾರದ ಒಟ್ಟು 12,950. ಐದು ದಿನ ಹೊಟ್ಟೆ ಕಟ್ಟಿದವನು ವಾರದ ಕೊನೆಗೆ ಹೆಚ್ಚೇ ತಿಂದಿರುತ್ತಾನೆ. 3150 ದೊಡ್ಡ ಸಂಖ್ಯೆ ಅನಿಸಬಹುದು, ಆದರೆ ಎರಡು ಹೊರಗಿನ ಊಟ, ಒಂದು ಸಿಹಿ, ಒಂದು ಪೊಟ್ಟಣ ಕುರುಕಲು ತಿಂದರೆ ಸಲೀಸಾಗಿ ಮುಟ್ಟುತ್ತದೆ. ಶನಿವಾರದ ಲೆಕ್ಕ ಬರೆಯುವವರು ಕಮ್ಮಿ, ಅದಕ್ಕೇ "1350 ತಿಂದರೂ ಇಳಿಯುತ್ತಿಲ್ಲ" ಅನ್ನೋ ದೂರು.

ಈ ದೂರಿಗೆ ಸಿಗುವ ಸಿದ್ಧ ಉತ್ತರ: ಕಮ್ಮಿ ತಿಂದರೆ ದೇಹ ಉಪವಾಸದ ಸ್ಥಿತಿಗೆ ಹೋಗಿ ಕೊಬ್ಬು ಕರಗಿಸುವುದನ್ನೇ ನಿಲ್ಲಿಸುತ್ತದೆ ಅಂತ. ಅದು ಸುಳ್ಳು. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರಿಗೆ 24 ವಾರ ದಿನಕ್ಕೆ ಸುಮಾರು 1600 ಕ್ಯಾಲೊರಿ ಕೊಟ್ಟು, ನಡೆಸಿ ನಡೆಸಿ ನೋಡಿದರು. ಅವರ ತೂಕದಲ್ಲಿ ಕಾಲು ಭಾಗದಷ್ಟು ಹೋಯಿತು.  ಆದರೆ ಅವರ ದೇಹ ಖರ್ಚು ಕಮ್ಮಿ ಮಾಡಿಕೊಂಡಿದ್ದು ನಿಜ. ಮೈ ತಣ್ಣಗಾಯಿತು, ಚಟುವಟಿಕೆ ಕುಗ್ಗಿತು, ಕಾಲಲ್ಲಿ ನೀರು ತುಂಬಿ ಬಾತುಕೊಂಡಿತು, ಊಟದ ಯೋಚನೆ ಬಿಟ್ಟು ಬೇರೇನೂ ಇರಲಿಲ್ಲ. ಹಾಗಾಗಿ ಪೂರ್ತಿ ತಿನ್ನಿ ಅನ್ನೋದಕ್ಕೆ ಕಾರಣ ದೇಹದೊಳಗಿನ ಪವಾಡ ಅಲ್ಲ. ಕೊರತೆ ಅತಿಯಾದರೆ ಕೂತಲ್ಲೇ ಕೂರುತ್ತೀರಿ, ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ವಾರದ ಕೊನೆಗೆ ಹಸಿವು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಸಾಕಷ್ಟು ಕಾರಣ.

ಪೂರ್ತಿ ತಿನ್ನಿ ಅಂದೆ, ಸರಿ. ಆದರೆ 1850 ಅನ್ನೋದೇ ಒಂದು ಊಹೆ. ಸೂತ್ರ ನಿಮ್ಮನ್ನು ನೋಡಿಲ್ಲ. ಅದಕ್ಕೆ ಮೊದಲ ವಾರ ಬಿಟ್ಟುಬಿಡಿ. ಆ ವಾರ ಇಳಿಯುವುದರಲ್ಲಿ ಹೆಚ್ಚು ಪಾಲು ನೀರು, ಯಾಕೆಂದರೆ ದೇಹದಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೊಜೆನ್ (ದೇಹ ಸಕ್ಕರೆಯನ್ನು ಕೂಡಿಡುವ ರೂಪ) ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಆಮೇಲಿನ ನಾಲ್ಕು ವಾರ ಕೋಟಾ ಪೂರ್ತಿ ತಿನ್ನಿ, 50 ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ದಿನಾ ಬೆಳಿಗ್ಗೆ ಶೌಚ ಮುಗಿಸಿ, ನೀರು ಕುಡಿಯುವ ಮುಂಚೆ ತೂಕ ನೋಡಿ, ಏಳು ದಿನದ ಸರಾಸರಿ ತೆಗೆಯಿರಿ. ಒಂಟಿ ದಿನದ ತೂಕಕ್ಕೆ ಬೆಲೆ ಇಲ್ಲ, ಉಪ್ಪು ಜಾಸ್ತಿಯಾದ ಮರುದಿನವೇ ಒಂದು ಕೆಜಿ ಮೇಲೆ ಹೋಗಿರುತ್ತದೆ. ಹೆಂಗಸರು ಮುಟ್ಟಿನ ಚಕ್ರದ ಒಂದು ವಾರವನ್ನು ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು, ಪಕ್ಕದ ವಾರದ ಜೊತೆ ಅಲ್ಲ.

ನಾಲ್ಕು ವಾರದಲ್ಲಿ ಸರಾಸರಿ 1.2 ಕೆಜಿ ಇಳಿಯಿತು ಅಂದುಕೊಳ್ಳಿ. ಒಂದು ಕೆಜಿ ಕೊಬ್ಬಿಗೆ 7700 ಹಿಡಿದರೆ 9240, ಅದನ್ನು 28ರಿಂದ ಭಾಗಿಸಿದರೆ ದಿನಕ್ಕೆ 330 ಕೊರತೆ. 1850ಕ್ಕೆ ಇದನ್ನು ಕೂಡಿಸಿದರೆ ನಿಮ್ಮ ನಿಜವಾದ ಖರ್ಚು 2180, ಆ್ಯಪ್ ಹೇಳಿದ 2320 ಅಲ್ಲ. ಈಗ ಎರಡೇ ದಾರಿ: ಕೋಟಾವನ್ನು 1730ಕ್ಕೆ ಇಳಿಸುವುದು, ಇಲ್ಲವೇ 1850ರಲ್ಲೇ ನಿಧಾನವಾಗಿ ಹೋಗುವುದು. ನನ್ನ ಮತ ನಿಧಾನಕ್ಕೆ. ಏನೇ ಮಾಡಿ, ಹೊಸ ಸಂಖ್ಯೆ ಬಂದ ಮೇಲೆ ಅದನ್ನೂ ಪೂರ್ತಿ ತಿನ್ನಿ. ಕೋಟಾ ಬದಲಿಸುವುದು ಬೇರೆ, ಇದ್ದ ಕೋಟಾದಲ್ಲಿ ಮನಬಂದಷ್ಟು ಉಳಿಸುವುದು ಬೇರೆ. ಒಂದು ದಿನ 1850, ಮರುದಿನ 1300, ಇನ್ನೊಂದು ದಿನ ಬರೆಯದೇ ಬಿಟ್ಟರೆ ಮೇಲಿನ ಭಾಗಾಕಾರ ಮಾಡೋಕೆ ಆಗುವುದೇ ಇಲ್ಲ. ಪೂರ್ತಿ ತಿನ್ನುವುದರ ದೊಡ್ಡ ಲಾಭ ಇದೇ, ಲೆಕ್ಕ ತಾಳೆ ನೋಡಬಹುದು.

ತಾಳೆ ಬರದಿದ್ದರೆ ತಪ್ಪು ಬಹುತೇಕ ಅಡುಗೆಮನೆಯಲ್ಲಿರುತ್ತದೆ. ಎಷ್ಟು ಡಯಟ್ ಮಾಡಿದರೂ ಇಳಿಯದು ಅಂದವರನ್ನು ಪರೀಕ್ಷಿಸಿದ 1992ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಅವರು ತಿಂದದ್ದನ್ನು ಸರಾಸರಿ 47% ಕಮ್ಮಿ, ಮಾಡಿದ ವ್ಯಾಯಾಮವನ್ನು 51% ಹೆಚ್ಚು ಬರೆದಿದ್ದರು. ಸುಳ್ಳು ಹೇಳಿದ್ದರು ಅಂತಲ್ಲ, ಕಣ್ಣಳತೆಯ ಫಲ ಅದು.

ಮೊದಲ ಕಳ್ಳ ಎಣ್ಣೆ. ಒಂದು ದೊಡ್ಡ ಚಮಚ ಅಂದರೆ 14 ಗ್ರಾಂ, 120ರ ಆಸುಪಾಸು. ಬಾಟಲಿಯಿಂದ ನೇರ ಬಾಣಲೆಗೆ ಸುರಿದರೆ ಒಂದು ಚಮಚ ಅಂದುಕೊಂಡದ್ದು ಎರಡೂವರೆ ಆಗಿರುತ್ತದೆ. ಬಾಟಲಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಒತ್ತಿ, ಬೇಕಾದಷ್ಟು ಬಗ್ಗಿಸಿ, ಮತ್ತೆ ತಕ್ಕಡಿಗಿಡಿ. ಮೈನಸ್ 11 ಅಂತ ತೋರಿಸಿದರೆ 11 ಗ್ರಾಂ ಹೋಯಿತು ಅಂತ. ಬಾಣಲೆಯನ್ನು ತಕ್ಕಡಿ ಮೇಲಿಟ್ಟು ಅದಕ್ಕೆ ತೊಟ್ಟು ತೊಟ್ಟಾಗಿ ಸುರಿಯಬೇಡಿ. ಅಗ್ಗದ ತಕ್ಕಡಿಗಳು ನಿಧಾನವಾಗಿ ಏರುವ ತೂಕವನ್ನು ಅಲುಗಾಟ ಅಂದುಕೊಂಡು ತಾವೇ ಸೊನ್ನೆಗೆ ಎಳೆದುಕೊಳ್ಳುತ್ತವೆ, 5–6 ಗ್ರಾಂ ಮಾಯವಾಗುತ್ತದೆ. ಬ್ಯಾಟರಿ ಸೋತಾಗಲೂ ಅಂಕಿ ಜಾರುತ್ತದೆ.

ಸ್ಪ್ರೇ ಎಣ್ಣೆಯ ಡಬ್ಬಿ ಮೇಲೆ ಸೊನ್ನೆ ಕ್ಯಾಲೊರಿ ಅಂತ ಇದ್ದರೆ ನಂಬಬೇಡಿ. ಒಂದು ಸಲಕ್ಕೆ 5 ಕ್ಯಾಲೊರಿಗಿಂತ ಕಮ್ಮಿ ಇದ್ದರೆ ಸೊನ್ನೆ ಅಂತ ಬರೆಯಲು ಕೆಲವು ದೇಶಗಳ ನಿಯಮದಲ್ಲಿ ಅವಕಾಶ ಇದೆ, ಆ "ಒಂದು ಸಲ" ಅನ್ನೋದು ಕಣ್ಣು ಮಿಟುಕಿಸುವಷ್ಟು ಹೊತ್ತು ಒತ್ತಿದ್ದು. ಕಡಲೆಕಾಯಿ ಬೆಣ್ಣೆಯೂ ಹಾಗೇ: ಚಮಚಕ್ಕೆ 16 ಗ್ರಾಂ, 95 ಕ್ಯಾಲೊರಿ ಅಂತ ಲೇಬಲ್, ನಾವು ಗುಡ್ಡೆ ಹಾಕಿ ತೆಗೆಯುವುದು 28 ಗ್ರಾಂ, 165.

ಎರಡನೆಯದು ಹಸಿ ತೂಕ, ಬೆಂದ ತೂಕದ ಕಲಸುಮೇಲೋಗರ. 100 ಗ್ರಾಂ ಅಕ್ಕಿ ಅಂದರೆ 350–360, 100 ಗ್ರಾಂ ಅನ್ನ ಅಂದರೆ 130. 75 ಗ್ರಾಂ ಅಕ್ಕಿ ಅಳೆದು, ಆ್ಯಪ್‌ನಲ್ಲಿ ಅನ್ನದ ಸಾಲಿಗೆ ಬರೆದರೆ 265 ತಿಂದು 100 ಬರೆದ ಹಾಗಾಯಿತು. ಎಲ್ಲರಿಗೂ ಸೇರಿಸಿ ಒಂದೇ ಪಾತ್ರೆಯಲ್ಲಿ ಮಾಡಿದ್ದಾದರೆ, ಹಾಕಿದ ಹಸಿ ಸಾಮಾನಿನ ಕ್ಯಾಲೊರಿ ಎಲ್ಲ ಕೂಡಿಸಿ, ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. 1400 ಕ್ಯಾಲೊರಿ ಸಾಮಾನು ಬೆಂದು 1750 ಗ್ರಾಂ ಆಗಿದ್ದರೆ ಗ್ರಾಂಗೆ 0.8. ನಿಮ್ಮ ತಟ್ಟೆಗೆ 300 ಗ್ರಾಂ ಬಿದ್ದರೆ 240. ಖಾಲಿ ಪಾತ್ರೆಯ ತೂಕವನ್ನು ಹಿಡಿಕೆಯ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟರೆ ದಿನಾ ತೂಗುವ ಕಾಟ ತಪ್ಪುತ್ತದೆ. ತಳದಲ್ಲಿ ಬರೆದರೆ ಉರಿಗೆ ಸುಟ್ಟುಹೋಗುತ್ತದೆ.

ಆ್ಯಪ್‌ನಲ್ಲಿ ಯಾರೋ ಬಳಕೆದಾರರು ಹಾಕಿದ ಅಂಕಿಗಳಿಗೂ ಒಂದು ಪರೀಕ್ಷೆ ಇದೆ. ಪ್ರೋಟೀನ್ ಗ್ರಾಂಗೆ 4, ಕಾರ್ಬೋಹೈಡ್ರೇಟ್‌ಗೆ 4, ಕೊಬ್ಬಿಗೆ 9. ಪ್ರೋಟೀನ್ 10, ಕಾರ್ಬ್ 20, ಕೊಬ್ಬು 8 ಅಂತಿದ್ದರೆ 192 ಬರಬೇಕು. ಅಲ್ಲಿ 120 ಅಂತಿದ್ದರೆ ಆ ಸಾಲನ್ನು ಮುಟ್ಟಬೇಡಿ. ನಾರು ಹೆಚ್ಚಿದ್ದರೆ ಹತ್ತಿಪ್ಪತ್ತು ವ್ಯತ್ಯಾಸ ಬರುವುದು ಸಹಜ.

ವ್ಯಾಯಾಮದ ಕ್ಯಾಲೊರಿಯನ್ನು ಮರಳಿ ತಿನ್ನಬೇಕೇ ಅನ್ನೋದು ಇದರ ಜೋಡಿ ಪ್ರಶ್ನೆ. ಕೋಟಾ ಲೆಕ್ಕ ಹಾಕುವಾಗ 1.375 ಆರಿಸಿದ್ದರೆ ನಡಿಗೆ ಅದರೊಳಗೇ ಇದೆ, ಒಂದು ಕ್ಯಾಲೊರಿಯನ್ನೂ ಮರಳಿ ತಿನ್ನಬಾರದು. ಬರೀ ಕೂತಿರುವವರ ಗುಣಕವಾದ 1.2 ಆರಿಸಿ ಆ್ಯಪ್‌ಗೆ ಸ್ಮಾರ್ಟ್‌ವಾಚ್ ಜೋಡಿಸಿದ್ದರೆ, ವಾಚ್ ಹೇಳಿದ್ದರಲ್ಲಿ ಅರ್ಧ ಮಾತ್ರ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ವಾಸಿಯಾದದ್ದೇ ಸರಾಸರಿ 27% ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು 93%. ಇದರ ಮೇಲೆ ಇನ್ನೊಂದು ಮೋಸ: ಸುಮ್ಮನೆ ಕೂತಿದ್ದರೂ ಆ ಒಂದು ಗಂಟೆಯಲ್ಲಿ 70ರಷ್ಟು ಖರ್ಚಾಗುತ್ತಿತ್ತು, ಹಲವು ವಾಚ್‌ಗಳು ಅದನ್ನೂ ನಡಿಗೆಯ ಖಾತೆಗೇ ಬರೆಯುತ್ತವೆ. ನಡಿಗೆಗೆ ಕಿಲೋಮೀಟರಿಗೆ ಕೆಜಿಗೆ ಅರ್ಧ ಕ್ಯಾಲೊರಿ, ಓಟಕ್ಕೆ ಒಂದು ಅಂತ ಹಿಡಿದರೆ ಸಾಕು. 82 ಕೆಜಿಯವರು 5 ಕಿಮೀ ನಡೆದರೆ 205. ದೂರದ ಓಟದ ದಿನ ಮಾತ್ರ ಅರ್ಧಕ್ಕಿಂತ ಹೆಚ್ಚೇ ಮರಳಿ ತಿನ್ನಿ, ಇಲ್ಲದಿದ್ದರೆ ಮರುದಿನ ಡಬ್ಬಿಗಳೆಲ್ಲ ಖಾಲಿ.

ದುಡ್ಡಿನ ವಿಷಯ. 1 ಗ್ರಾಂ ತೋರಿಸುವ, 5 ಕೆಜಿ ತಾಳುವ ತಕ್ಕಡಿಗೆ ಖರ್ಚು ಮಾಡಿ, ಅಲ್ಲಿಗೆ ನಿಲ್ಲಿಸಿ. ಒಂದು ಒಳ್ಳೆ ಸ್ಮಾರ್ಟ್‌ವಾಚ್ ದುಡ್ಡಿಗೆ ಇಂಥ ತಕ್ಕಡಿ ಹತ್ತಾದರೂ ಬಂದಾವು. ದೇಹದ ಕೊಬ್ಬು ಅಳೆಯುವ ತೂಕದ ಯಂತ್ರ ನೀರು ಕುಡಿದರೆ ಒಂದು, ಬೆವರಿದರೆ ಇನ್ನೊಂದು ಹೇಳುತ್ತದೆ, ಸೊಂಟ ಅಳೆಯುವ ಟೇಪು ಅದಕ್ಕಿಂತ ವಾಸಿ. ಕೊಬ್ಬು ಕರಗಿಸುವ ಪುಡಿ, ಮಾತ್ರೆಗಳ ಬಗ್ಗೆ ಮಾತೇ ಬೇಡ. ಆ್ಯಪ್‌ನ ಉಚಿತ ಆವೃತ್ತಿ ಸಾಕು.

ರಾತ್ರಿ ಒಂಬತ್ತಕ್ಕೆ 400 ಉಳಿದಿದ್ದರೆ? ತಪ್ಪು ರಾತ್ರಿಯದ್ದಲ್ಲ, ಮಧ್ಯಾಹ್ನದ್ದು. ನಾಳೆಯಿಂದ ಮಧ್ಯಾಹ್ನದ ಊಟ ದೊಡ್ಡದು ಮಾಡಿ. ಈ ಹೊತ್ತಿಗೆ ಮೊದಲು ಪ್ರೋಟೀನ್ ನೋಡಿ. ಕೆಜಿಗೆ 1.6 ಗ್ರಾಂ ನನ್ನ ಗುರಿ. ಅದು ಮುಟ್ಟಿಲ್ಲದಿದ್ದರೆ ಮೊಟ್ಟೆ, ಮೊಸರು, ಹಾಲು. ಪ್ರೋಟೀನ್ ಅರಗಿಸುವುದಕ್ಕೇ ಅದರ 20–30% ಖರ್ಚಾಗುತ್ತದೆ ಅನ್ನೋದು ಬೋನಸ್. ಮುಟ್ಟಿದ್ದರೆ ತೂಗಿದ 25 ಗ್ರಾಂ ಬಾದಾಮಿ ಅಥವಾ ಕಡಲೆಕಾಯಿ, 150 ಆಯಿತು. ಹಸಿವೇ ಇಲ್ಲದ ದಿನ 100–150 ಹಾಗೇ ಬಿಡಿ, ಆದರೆ ಅದನ್ನು ವಾರದ ಒಟ್ಟಿಗೆ ಬರೆದಿಟ್ಟು ಶನಿವಾರಕ್ಕೆ ಕೊಡಿ. 400ನ್ನು ಒಂದೇ ಸಲ ಸಿಹಿಯಿಂದ ತುಂಬಿಸಲು ಹೋದರೆ ಅದು 400ಕ್ಕೆ ನಿಲ್ಲುವುದಿಲ್ಲ.

ನಡುವೆ ಒಂದೆರಡು ಪ್ರಯೋಗ ಆಯಿತು. ಕೋಟಾದ ಹೆಚ್ಚು ಪಾಲನ್ನು ಬೆಳಿಗ್ಗೆಗೆ ಹಾಕಿದ್ದು, ಆಮೇಲೆ ರಾತ್ರಿಗೆ ಹಾಕಿದ್ದು: ತೂಕದಲ್ಲಿ ಗೊತ್ತಾಗುವ ವ್ಯತ್ಯಾಸ ಬರಲಿಲ್ಲ, ಹಸಿವಿನಲ್ಲಿ ಬಂತು. ರಾತ್ರಿ ದೊಡ್ಡ ಊಟ ಇಟ್ಟುಕೊಂಡರೆ ಕುರುಕಲು ತಾನಾಗಿ ನಿಂತಿತು. ಇಳಿಕೆಯ ನಡುವೆ ಎರಡು ವಾರ ಕೊರತೆಯೇ ಇಲ್ಲದೆ ಪೂರ್ತಿ ಖರ್ಚಿನಷ್ಟು ತಿಂದಾಗ ತೂಕ ಮೊದಲು ಒಂದು ಕೆಜಿಯಷ್ಟು ಹಾರಿತು, ಅದು ನೀರು, ನಂತರ ಅಲ್ಲೇ ನಿಂತಿತು. ಹೊರಗೆ ತಿಂದ ಊಟವನ್ನು ಅಂದಾಜಿಸಲು ಒಂದು ಗುಣಕ ಇಟ್ಟುಕೊಂಡಿದ್ದೇನೆ, ತಿಂಗಳ ಕೊನೆಗೆ ಸರಿಯಾಗಿ ತಾಳೆ ಬರುತ್ತದೆ. ಅದನ್ನು ಮಾತ್ರ ಬಿಟ್ಟುಕೊಡಲಾರೆ. ನಾಲ್ಕು ವಾರದ ಲೆಕ್ಕ ನೆಟ್ಟಗೆ ಬರೆದವರು ತಮ್ಮದನ್ನು ತಾವೇ ಕಂಡುಕೊಳ್ಳಬಹುದು.

ಚಿಕ್ಕ ದೇಹದವರಿಗೆ ಮಾತ್ರ ಆ್ಯಪ್‌ನ ಸಂಖ್ಯೆಯನ್ನು ನಂಬುವ ಮೊದಲು ಒಮ್ಮೆ ನೋಡಬೇಕು. 58 ಕೆಜಿ, 155 ಸೆಂ.ಮೀ., 45 ವಯಸ್ಸಿನ ಹೆಂಗಸಿಗೆ ಸೂತ್ರ 1160 ಕೊಡುತ್ತದೆ, 1.2ರಿಂದ ಗುಣಿಸಿದರೆ 1395. ಇದರಲ್ಲಿ 500 ಕಳೆದರೆ 895, ಅದು ಊಟವೇ ಅಲ್ಲ. ಸಾಮಾನ್ಯವಾಗಿ ಹೆಂಗಸರಿಗೆ 1200, ಗಂಡಸರಿಗೆ 1500 ತಳಮಟ್ಟ ಅಂತ ಹಿಡಿಯುತ್ತಾರೆ, 800ಕ್ಕಿಂತ ಕೆಳಗೆ ಹೋಗುವುದು ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ಬಹಳ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ. ಇವರು ಕೊರತೆಯನ್ನು 200ಕ್ಕೆ ಇಟ್ಟು 1200 ಪೂರ್ತಿ ತಿಂದರೆ ತಿಂಗಳಿಗೆ ಮುಕ್ಕಾಲು ಕೆಜಿ. ಇನ್ನೂ ಬೇಗ ಬೇಕಿದ್ದರೆ ನಡಿಗೆ ಹೆಚ್ಚಿಸಬೇಕು, ತಟ್ಟೆ ಚಿಕ್ಕದು ಮಾಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿ ಬಾಣಂತಿಯರು, 18 ತುಂಬದವರು, ಊಟದ ಜೊತೆ ಹಿಂದೆ ಕಾಯಿಲೆಯ ಮಟ್ಟದ ಜಗಳ ಇದ್ದವರು ಈ ಲೆಕ್ಕವನ್ನು ಸ್ವಂತವಾಗಿ ಹಾಕಿಕೊಳ್ಳಬಾರದು.

ತೂಕ ಇಳಿದಂತೆ ಕೋಟಾವೂ ಇಳಿಯುತ್ತದೆ. 82ರಿಂದ 73ಕ್ಕೆ ಬಂದರೆ ಸೂತ್ರದಲ್ಲಿ 90 ಕಮ್ಮಿ, ಗುಣಿಸಿದ ಮೇಲೆ ಸುಮಾರು 125. ಪ್ರತಿ 4–5 ಕೆಜಿಗೆ ಒಮ್ಮೆ ಹೊಸದಾಗಿ ಲೆಕ್ಕ ಹಾಕಿದರೆ ಸಾಕು, ವಾರ ವಾರ ಬೇಡ. ಗುರಿ ಮುಟ್ಟಿದ ಮೇಲೆ ವಾರಕ್ಕೊಮ್ಮೆ ದಿನದ ಕೋಟಾಕ್ಕೆ 100–150 ಸೇರಿಸುತ್ತಾ ಹೋಗಿ. ಮೊದಲ ಹದಿನೈದು ದಿನ ಮುಳ್ಳು ಒಂದು ಕೆಜಿ ಮೇಲೆ ತೋರಿಸುತ್ತದೆ. ಅದನ್ನು ಕಂಡು ಕೋಟಾ ಮತ್ತೆ ಕತ್ತರಿಸಬೇಡಿ, ಸರಾಸರಿ ಮೂರನೇ ವಾರವೂ ಏರುತ್ತಿದ್ದರೆ ಮಾತ್ರ 100 ಹಿಂದಕ್ಕೆ ತೆಗೆಯಿರಿ.