ಕೈಗೆ ಎಷ್ಟು ಬರುತ್ತೆ, ಎಷ್ಟು ಕಟ್ಟಬೇಕು?

ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ಸು, ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಎಂ.ಕಾಂ. ಓದುತ್ತಿದ್ದೆ. ತರಗತಿಯಲ್ಲಿ ಹಣಕಾಸು ನಿರ್ವಹಣೆ ಪಾಠ, ರೂಮಿಗೆ ಬಂದರೆ ಮೆಸ್ ಬಾಕಿ. ಗೆಳೆಯರಿಗೆಲ್ಲ ಸ್ಕಾಲರ್‌ಶಿಪ್ ಬಂದಿತ್ತು, ನನಗೆ ಮಾತ್ರ ಇಲ್ಲ. ಜಗಳೂರಿನ ಹತ್ತಿರ ನಮ್ಮೂರಲ್ಲಿ ಮೆಕ್ಕೆಜೋಳ ಮಳೆಗೆ ಸಿಕ್ಕಿತ್ತು. ಅಪ್ಪನನ್ನು ಕೇಳಲು ಬಾಯಿ ಬರಲಿಲ್ಲ.

ಮೊದಲು ಕೇಳಿದ್ದು ರೂಮ್‌ಮೇಟನ್ನು. ಅವನು ಮೊಬೈಲಲ್ಲಿ ಒಂದು ಲೋನ್ ಆ್ಯಪ್ ತೋರಿಸಿದ. ಆಮೇಲೆ ಒಬ್ಬ ನೆಂಟರು. ಅವರು ವಿಮೆ ಪಾಲಿಸಿ ಮಾಡಿಸುವವರು, ನನಗೂ ಒಂದು ಮಾಡಿಸು ಅಂದರು. 'ಮೂರನೇ ವರ್ಷಕ್ಕೆ ನಿಲ್ಲಿಸಿದರೆ ಎಷ್ಟು ವಾಪಸ್ ಬರುತ್ತೆ ಮಾವ?' ಅಂದೆ. ಮಿರ್ಚಿ ಮಂಡಕ್ಕಿ ಮುಗಿಸಿ, ಮಳೆ ಬೆಳೆಯ ಮಾತು ತೆಗೆದರು.

ಕೊನೆಗೆ ಫೋನ್ ಮಾಡಿದ್ದು ಚಿಕ್ಕಮ್ಮನಿಗೆ. ಓದಿದ್ದು ಎಂಟನೇ ಕ್ಲಾಸು, ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವುದು ಅವಳೇ. ಆ್ಯಪ್ ವಿಷಯ ಹೇಳಲು ಶುರು ಮಾಡಿದೆ, ತಡೆದಳು.

'ಕೈಗೆ ಎಷ್ಟು ಬರುತ್ತೆ, ಎಷ್ಟು ಕಟ್ಟಬೇಕು, ಎಷ್ಟು ದಿನಕ್ಕೆ? ಅಷ್ಟು ಹೇಳಪ್ಪ.'

ಕೈಗೆ 4,100. ಕಟ್ಟುವುದು 5,000. ಏಳು ದಿನ.

'ನಮ್ಮ ಸಂಘದಲ್ಲಿ ಇಷ್ಟು ದುಡ್ಡಿಗೆ ತಿಂಗಳಿಗೆ ನಲವತ್ತೊಂದು ರೂಪಾಯಿ ಬಡ್ಡಿ ಕಣೋ. ಅವನು ವಾರಕ್ಕೇ ಒಂಬೈನೂರು ತಗೋತಾನಾ?'

ನಾನು ಅದನ್ನು 'ಪ್ರೊಸೆಸಿಂಗ್ ಫೀ' ಅಂದುಕೊಂಡಿದ್ದೆ. ಫೀ ಎಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಅಂತ ಸಾಲಕ್ಕೆ ಮೊದಲೇ ತೋರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆ ಆ್ಯಪ್‌ನಲ್ಲಿ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಅಳಿಸಿಬಿಟ್ಟೆ.

ಬ್ಯಾಂಕಿಗೆ ಆಗಲೇ ಒಮ್ಮೆ ಹೋಗಿದ್ದೆ. 'ಸ್ಕಾಲರ್‌ಶಿಪ್ ಬಂದಿಲ್ಲ ಸಾರ್' ಅಂದರೆ 'ಬರುತ್ತೆ ಹೋಗಪ್ಪ' ಅಂದಿದ್ದರು. ಸುಮ್ನೆ ಬಂದಿದ್ದೆ. ಈ ಸಲ ಚೀಟಿಯಲ್ಲಿ ಒಂದೇ ಪ್ರಶ್ನೆ ಬರೆದುಕೊಂಡು ಹೋದೆ: ಡಿಬಿಟಿ ದುಡ್ಡು (ಸರ್ಕಾರ ನೇರ ಖಾತೆಗೆ ಹಾಕುವುದು) ಬರಲು ನನ್ನ ಆಧಾರ್ ಯಾವ ಬ್ಯಾಂಕಿಗೆ ಸೀಡ್ (ಜೋಡಣೆ) ಆಗಿದೆ? ಕೌಂಟರಿನ ಮೇಡಂ ಆಧಾರ್ ವೆಬ್‌ಸೈಟಿನಲ್ಲಿ ನೋಡುವುದನ್ನು ತೋರಿಸಿಕೊಟ್ಟರು. ಓಟಿಪಿ ಹಾಕಿದರೆ ಎರಡು ನಿಮಿಷದ ಕೆಲಸ. ಬಂದ ಹೆಸರು ಬೇರೆಯೇ ಬ್ಯಾಂಕಿನದು!

ಪಿಯುಸಿಯಲ್ಲಿ ಸಿಮ್ ಕೊಳ್ಳುವಾಗ ಬೆರಳಚ್ಚು ಕೊಟ್ಟಿದ್ದೆ. ಆಗಲೇ ಆ ಬ್ಯಾಂಕಿನಲ್ಲಿ ಒಂದು ಖಾತೆಯೂ ತೆರೆದುಕೊಂಡಿತ್ತು, ನನಗೆ ಗೊತ್ತೇ ಇರಲಿಲ್ಲ. ಪಾಸ್‌ಬುಕ್ಕಿಗೆ ಆಧಾರ್ ಕೊಟ್ಟಿದ್ದೇನೆ, ಸಾಕು ಅಂದುಕೊಳ್ಳುತ್ತೇವೆ ಅಲ್ವಾ? ಅದು ಬೇರೆ, ಸೀಡಿಂಗ್ ಬೇರೆ. ಕೊನೆಗೆ ಯಾವ ಖಾತೆಗೆ ಸೀಡ್ ಆಗಿದೆಯೋ ದುಡ್ಡು ಅಲ್ಲಿಗೇ ಹೋಗುತ್ತದೆ. ನನ್ನದೂ ಅಲ್ಲೇ ಬಿದ್ದಿತ್ತು.

ಮೆಸ್ ಬಾಕಿ ಕಟ್ಟಿದೆ. ಸೀಡಿಂಗ್ ಬದಲಿಸಲು ಫಾರಂ ಕೊಟ್ಟೆ. ಊರಿಗೆ ಹೋಗುವಾಗ ಚಿಕ್ಕಮ್ಮನಿಗೆ ಒಂದು ಕ್ಯಾಲ್ಕುಲೇಟರ್ ಒಯ್ದೆ. 'ಇದು ಯಾಕೋ ನಂಗೆ?' ಅಂದು ಗೂಡಿನಲ್ಲಿಟ್ಟಳು. ಈಗಲೂ ಅಲ್ಲೇ ಇದೆ.