ಎಲ್ಲ ಕನ್ನಡಿಯೂ ಸಂಕೇತವಲ್ಲ: ಮ್ಯೂಸಿಕ್ ವಿಡಿಯೋ ಬಿಡಿಸಿ ನೋಡಿದ ನನ್ನ ಅನುಭವ

ಪಾಪ್ ವಿಡಿಯೋದಲ್ಲಿ ಸಂಕೇತ ಹುಡುಕುವ ಮೊದಲು ಆ ಬಗೆಯ ವಿಡಿಯೋಗಳ ರೂಢಿಗಳನ್ನೆಲ್ಲ ಎಣಿಸಿ ಪಕ್ಕಕ್ಕಿಡಬೇಕು. ನಾನು ಹೀಗೆ ಹೇಳಿದಾಗ ಮ್ಯೂಸಿಕ್ ವಿಡಿಯೋಗಳನ್ನು ಬಿಡಿಸಿ ನೋಡುವ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಇದು ಲೆಕ್ಕ ಬರೆಯುವ ಕೆಲಸ, ಹಾಡೇ ಕೈಬಿಟ್ಟು ಹೋಗುತ್ತೆ" ಅಂದರು. ಈಗ ಅವರಲ್ಲೇ ಮೂರ್ನಾಲ್ಕು ಜನ ನಾನು ದೃಶ್ಯಗಳನ್ನು ಪಟ್ಟಿ ಮಾಡುವ ಹಾಳೆಯ ನಕಲು ಇಟ್ಟುಕೊಂಡು ಕೆಲಸ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಮೊದಲು ಎಲ್ಲರಂತೆ ನಾನೂ ಅರ್ಥಗಳ ಪಟ್ಟಿ ಹಿಡಿದು ಕೂರುತ್ತಿದ್ದೆ. ಕೆಂಪು ಅಂದರೆ ಸಿಟ್ಟು, ಇಲ್ಲವೇ ಆಸೆ. ಕನ್ನಡಿ ಅಂದರೆ ಒಡೆದ ಮನಸ್ಸು. ಮಳೆ ಅಂದರೆ ವಿರಹ. ಈ ದಾರಿಯಲ್ಲಿ ಯಾವ ವಿಡಿಯೋ ನೋಡಿದರೂ ಒಂದೇ ಉತ್ತರ ಬರುತ್ತೆ. ನಾನು ನೋಡಿದ ವಿರಹದ ವಿಡಿಯೋಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಮಳೆಯೋ ಒದ್ದೆ ಕಿಟಕಿಯೋ ಇದೆ. ಎಲ್ಲರೂ ಬಳಸುವ ವಸ್ತು ಈ ಒಂದು ಹಾಡಿನ ಬಗ್ಗೆ ಏನು ಹೇಳೀತು?

ಬಣ್ಣದ ವಿಷಯವಂತೂ ಇನ್ನೂ ಕಷ್ಟ. ಮೈಕೆಲ್ ಜಾಕ್ಸನ್ ಅವರ 1983ರ 'ಥ್ರಿಲ್ಲರ್' ವಿಡಿಯೋದ ಕೆಂಪು ಜಾಕೆಟ್ ಮೇಲೆ ರಕ್ತ, ಕಾಮ, ಅಪಾಯ ಅಂತ ಪುಟಗಟ್ಟಲೆ ಬರೆಯಬಹುದು. ವಸ್ತ್ರವಿನ್ಯಾಸ ಮಾಡಿದ ಡೆಬೊರಾ ನಡೂಲ್‌ಮನ್ ಲ್ಯಾಂಡಿಸ್ ಕೊಟ್ಟ ಕಾರಣ ಬೇರೆ. ಕತ್ತಲಲ್ಲಿ, ಮಾಸಲು ಬಟ್ಟೆಯ ಪಿಶಾಚಿಗಳ ನಡುವೆ ಮೈಕೆಲ್ ಜಾಕ್ಸನ್ ಎದ್ದು ಕಾಣಬೇಕಿತ್ತು. ಹಾಗಂತ ಕೆಂಪಿಗೆ ಅರ್ಥವೇ ಇಲ್ಲ ಎಂದಲ್ಲ. ಆದರೆ ಮೊದಲು ಕೇಳಬೇಕಾದ್ದು ಆ ಬಣ್ಣ ಅಲ್ಲಿ ಯಾವ ಕೆಲಸ ಮಾಡುತ್ತಿದೆ ಅಂತ.

ನನ್ನ ಹಾಳೆ ಸರಳ. ಒಂದು ಶಾಟ್‌ಗೆ, ಅಂದರೆ ನಡುವೆ ಕತ್ತರಿಸದ ಒಂದು ದೃಶ್ಯದ ತುಣುಕಿಗೆ, ಒಂದು ಸಾಲು. ಟೈಮ್‌ಕೋಡ್ (ಎಷ್ಟನೇ ನಿಮಿಷ, ಸೆಕೆಂಡು), ಶಾಟ್ ಅಳತೆ (ಹತ್ತಿರದ್ದೋ ದೂರದ್ದೋ), ಬೆಳಕು, ವಸ್ತು, ಆ ಹೊತ್ತಿಗೆ ಬರುವ ಹಾಡಿನ ಸಾಲು. ಮೊದಲ ಸುತ್ತು ಪೂರ್ತಿ ಶಬ್ದ ಬಂದ್. ಆಮೇಲೆ ಅದೇ ಬಗೆಯ ಹತ್ತು ಹನ್ನೆರಡು ವಿಡಿಯೋಗಳಿಗೂ ಇದೇ ಹಾಳೆ. ಬೇಸರದ ಕೆಲಸ ನಿಜ. ಮೂರ್ನಾಲ್ಕು ನಿಮಿಷದ ವಿಡಿಯೋಗೆ ನೂರು, ನೂರೈವತ್ತು ಸಾಲು ಸುಲಭವಾಗಿ ಆಗುತ್ತವೆ. ಹೋಲಿಕೆಯ ಆ ಹತ್ತನ್ನು ಹೇಗೆ ಆರಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ಕೈಗೆ ಹತ್ತಲು ಎರಡು ವರ್ಷ ಹಿಡಿದಿದೆ.

ಹತ್ತರಲ್ಲೂ ಸಿಕ್ಕಿದ್ದು ರೂಢಿ. ಅದನ್ನು ಬೂದು ಬಣ್ಣದಲ್ಲಿ ಗುರುತು ಮಾಡುತ್ತೇನೆ. ಉಳಿದ ಬಿಳಿ ಸಾಲುಗಳಲ್ಲೇ ಸಂಕೇತ ಇರುತ್ತೆ. 'ಥ್ರಿಲ್ಲರ್'ನಲ್ಲಿ ಪೆಟ್ರೋಲ್ ಮುಗಿಯುವ ಕಾರು, ಹುಣ್ಣಿಮೆ, ಸಮಾಧಿಯಿಂದ ಮೇಲೇಳುವ ಕೈ, ಪಾಳು ಮನೆ ಎಲ್ಲವೂ ಬೂದು. ಬಿಳಿಯಾಗಿ ಉಳಿಯುವುದು ಪಿಶಾಚಿಗಳು ಬೇಟೆ ಬಿಟ್ಟು ಸಾಲಾಗಿ ಕುಣಿಯುವುದು. ಹಾಡಿನ ಜೋಡಣೆಯೂ ಬಿಳಿಯೇ. ಚರಣಗಳೆಲ್ಲ ಮೊದಲು ಒಟ್ಟಿಗೆ ಬಂದು, ಪಲ್ಲವಿಯನ್ನು ಕುಣಿತದವರೆಗೆ ತಡೆದಿಟ್ಟಿದ್ದಾರೆ. ಪಲ್ಲವಿ ಕೊನೆಗೂ ಬಾಯಿಗೆ ಬರುವುದು ಹಾಡುವವನೇ ಪಿಶಾಚಿಯಾಗಿ ಕುಣಿದ ಮೇಲೆ, ಆ ಹೊತ್ತಿಗೆ ಮಾತ್ರ ಮುಖ ಮತ್ತೆ ಮನುಷ್ಯನದು. ಹೆದರಬೇಡ, ಅದು ಸಿನಿಮಾ ಅಂತ ಹುಡುಗಿಗೆ ಧೈರ್ಯ ಹೇಳಿದವನೇ ಸಿನಿಮಾದ ಭೂತ. ವಿಡಿಯೋದ ತಿರುಳು ನನಗೆ ಸಿಕ್ಕಿದ್ದು ಅಲ್ಲಿ. ಜಾಕೆಟ್ ನೋಡುತ್ತಾ ಕೂತಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನನ್ನ ವಿಧಾನವನ್ನು ಬಳಗ ಒಪ್ಪಿದ್ದು ಮಡೋನಾ ಅವರ 'ಮೆಟೀರಿಯಲ್ ಗರ್ಲ್' ಮೇಲೆ. 1985ರದ್ದು, ನಿರ್ದೇಶನ ಮೇರಿ ಲ್ಯಾಂಬರ್ಟ್ ಅವರದು. ಗುಲಾಬಿ ಗೌನು, ಉದ್ದ ಕೈಗವಸು, ಕೆಂಪು ಸೆಟ್, ಮೆಟ್ಟಿಲು, ಸೂಟು ಹಾಕಿದ ಗಂಡಸರ ಸಾಲು. ಇದೆಲ್ಲ 1953ರ ಸಿನಿಮಾ ಒಂದರಲ್ಲಿ ಮರ್ಲಿನ್ ಮನ್ರೋ ವಜ್ರಗಳ ಬಗ್ಗೆ ಹಾಡಿದ ದೃಶ್ಯದಿಂದ ಬಂದಿದ್ದು. ಅದು ಎಲ್ಲರಿಗೂ ಗೊತ್ತು, ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಹಾಳೆಯಲ್ಲಿ ಆ ಭಾಗ ಪೂರ್ತಿ ಬೂದು. ಹಾಡಿನ ಸಾಲುಗಳನ್ನು ಮಡೋನಾ ಬಾಯಾರೆ ಹಾಡುವುದು ಆ ಬೂದು ಭಾಗದಲ್ಲಿ, ಅಂದರೆ ಸೆಟ್ ಮೇಲೆ ಮಾತ್ರ. ಸೆಟ್ಟಿನ ಹೊರಗೆ, ಅವರು ನಟಿಯ ಪಾತ್ರವಾಗಿ ಬರುವ ಕಥೆಯಲ್ಲಿ, ಅವರ ಬಾಯಲ್ಲಿ ಹಾಡಿಲ್ಲ. ಅಲ್ಲಿ ಬೆಲೆಬಾಳುವ ಉಡುಗೊರೆ ಅವರಿಗೆ ಬೇಡ. ನಟ ಕೀತ್ ಕ್ಯಾರಡೀನ್ ಮಾಡಿದ ಸಿರಿವಂತನ ಪಾತ್ರ ಸಾದಾ ಹೂವು ಹಿಡಿದು ಬರುತ್ತದೆ, ದುಡ್ಡು ಕೊಟ್ಟು ಪಡೆದ ಹಳೇ ಟ್ರಕ್ಕಿನಲ್ಲಿ ಅವರನ್ನು ಕರೆದೊಯ್ಯುತ್ತದೆ. ಹಣ ಬೇಕು ಅನ್ನೋ ಮಾತು ವೇಷದ್ದು, ವೇಷ ಕಳಚಿದಾಗಿನ ಮಾತು ಬೇರೆ. ಆದರೆ ಆ ಬಡತನವೂ ದುಡ್ಡು ಕೊಟ್ಟು ಕೊಂಡಿದ್ದೇ ಅಲ್ವಾ? ಈ ಟ್ರಕ್ಕಿನ ಸಾಲನ್ನು ಓದಿ ಹೇಳಿದಾಗ ಬಳಗದಲ್ಲಿ ಯಾರೂ ಎದುರು ಮಾತಾಡಲಿಲ್ಲ. ಅಷ್ಟು ನಿಖರವಾದ ಓದು ಅಲ್ಲಿಯವರೆಗೆ ನಮ್ಮಲ್ಲಿ ಬಂದಿರಲಿಲ್ಲ ಎಂದೇ ನನ್ನ ನಂಬಿಕೆ.

ರೂಢಿಯಂತೆ ಇರಬೇಕಾದ್ದು ಇಲ್ಲದಿದ್ದರೆ ಅದಕ್ಕೂ ಒಂದು ಕಾಲಂ ಬೇಕು. 1990ರಲ್ಲಿ ಬಂದ ಶಿನೇಡ್ ಓ'ಕಾನರ್ ಅವರ 'ನಥಿಂಗ್ ಕಂಪೇರ್ಸ್ 2 ಯೂ' ವಿಡಿಯೋದಲ್ಲಿ ಬಿಟ್ಟುಹೋದ ಪ್ರಿಯಕರ ಕಾಣುವುದೇ ಇಲ್ಲ. ಹೆಚ್ಚಿನ ಹೊತ್ತು ಕಪ್ಪು ಹಿನ್ನೆಲೆಯ ಮುಂದೆ ಒಂದು ಮುಖ, ಅಷ್ಟೇ. ಕಣ್ಣೀರು ಮೊದಲೇ ಯೋಚಿಸಿದ್ದಲ್ಲ, ಹಾಡುವಾಗ ತಾಯಿ ನೆನಪಾಗಿ ಬಂತು ಅಂತ ಅವರೇ ಹೇಳಿದ್ದಾರೆ. ಹಾಗಾಗಿ ಕಣ್ಣೀರನ್ನು ನಾನು ಸಂಕೇತದ ಕಾಲಂಗೆ ಹಾಕುವುದಿಲ್ಲ. ಅದನ್ನು ಕತ್ತರಿಸದೆ ಉಳಿಸಿಕೊಂಡ ಸಂಕಲನವನ್ನು ಹಾಕುತ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ವಿಡಿಯೋದ ಶಬ್ದ ತೆಗೆದು, ಅದೇ ವೇಗದ ಬೇರೊಂದು ಹಾಡು ಕೂರಿಸಿದೆ. ರೂಢಿಯ ಶಾಟ್‌ಗಳು ಹೊಸ ಹಾಡಿಗೂ ಚೆನ್ನಾಗಿ ಒಗ್ಗಿದವು. ಒಗ್ಗದೆ ಕಿರಿಕಿರಿ ಮಾಡಿದ ಶಾಟ್‌ಗಳಲ್ಲಿ ಮುಕ್ಕಾಲು ಪಾಲು ನನ್ನ ಬಿಳಿ ಸಾಲುಗಳೇ. ಈಗ ಹಾಳೆ ಮುಗಿದ ಮೇಲೆ ತಪ್ಪದೆ ಈ ಪರೀಕ್ಷೆ ಮಾಡುತ್ತೇನೆ. ಇಡೀ ವಿಡಿಯೋವನ್ನು ಕಪ್ಪುಬಿಳುಪಿಗೆ ತಿರುಗಿಸಿಯೂ ನೋಡಿದೆ. ಬೆಳಕು ಚೆನ್ನಾಗಿ ಗೊತ್ತಾಯಿತು, ಬೇರೇನೂ ಸಿಗಲಿಲ್ಲ.

ದುಡ್ಡಿನ ವಿಷಯ. ಶಾಟ್ ಗುರುತು ಮಾಡುವ ಸಾಫ್ಟ್‌ವೇರ್ ಒಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ, ಹೆಚ್ಚುಕಡಿಮೆ ಕಾಲು ತಿಂಗಳ ಸಂಬಳ. ಅದು ಕಟ್ ಎಲ್ಲಿದೆ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತೆ ಅಂತ ಹೇಳುತ್ತಿತ್ತು, ಮಿಂಚುವ ದೀಪವನ್ನೂ ಕಟ್ ಅಂತಲೇ ಎಣಿಸುತ್ತಿತ್ತು. ಕ್ಲಬ್ ದೃಶ್ಯವಿರುವ ಯಾವ ವಿಡಿಯೋಗೂ ಬರಲಿಲ್ಲ. ಪುಕ್ಕಟೆ ಪ್ಲೇಯರ್, ಒಂದು ಸ್ಪ್ರೆಡ್‌ಶೀಟ್ ಸಾಕು. ಜಾಸ್ತಿ ನಷ್ಟ ಆಗಿದ್ದು ಕಾಪಿರೈಟ್ ಕ್ಲೇಮ್‌ನಿಂದ. ಹಾಡಿನ ತುಣುಕು ಬಳಸಿ ಮಾಡಿದ ನನ್ನ ಮೊದಲ ಏಳೆಂಟು ವಿಶ್ಲೇಷಣೆಯ ವಿಡಿಯೋಗಳ ಗಳಿಕೆ ಪೂರ್ತಿ ಹಾಡಿನ ಹಕ್ಕುದಾರರಿಗೆ ಹೋಯಿತು. ಈಗ ನಿಂತ ಫ್ರೇಮ್‌ಗಳು, ನನ್ನ ಧ್ವನಿ, ಅಲ್ಲಲ್ಲಿ ಹಾಳೆಯ ಚಿತ್ರ. ಕ್ಲೇಮ್ ಬರುವುದು ತುಂಬಾ ಕಡಿಮೆಯಾಗಿದೆ. ಕಳೆದ ವರ್ಷ ಮೊದಲ ಸಲ ಖರ್ಚು ಕಳೆದು ಕೈಯಲ್ಲಿ ಸ್ವಲ್ಪ ಉಳಿಯಿತು.

ಒಂದೇ ಶಾಟ್‌ನಲ್ಲಿ ತೆಗೆದ ವಿಡಿಯೋಗಳಿಗೆ ಈ ಹಾಳೆ ನಡೆಯುವುದಿಲ್ಲ, ಕಟ್ ಇಲ್ಲದಿದ್ದರೆ ಸಾಲೂ ಇಲ್ಲ. ಅವಕ್ಕೆ ಹಾಡಿನ ನಾಲ್ಕು ನಾಲ್ಕು ತಾಳಕ್ಕೆ ಒಂದು ಸಾಲು ಹಾಕಿ ನೋಡುತ್ತಿದ್ದೇನೆ. ಎರಡು ವಿಡಿಯೋ ಮುಗಿದಿವೆ, ಕ್ಯಾಮೆರಾ ತಿರುಗುವ ಜಾಗಕ್ಕೂ ಪಲ್ಲವಿಗೂ ನಂಟು ಇರುವಂತೆ ಕಾಣುತ್ತಿದೆ.