ವಿರಾಟಪರ್ವಕ್ಕೆ ಮಳೆಗಾಲ, ಸಂಗೀತಕ್ಕೆ ರಾಮನವಮಿ: ನಿವೃತ್ತಿಯ ನಂತರದ ನನ್ನ ವರ್ಷ

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ವರ್ಷದಲ್ಲಿ ಎರಡು ದಿನ ಉಳಿದೆಲ್ಲ ದಿನಗಳಿಗಿಂತ ದೊಡ್ಡವು: ಮಾರ್ಚ್ 31 ಮತ್ತು ಸೆಪ್ಟೆಂಬರ್ 30. ಒಂದು ವಾರ್ಷಿಕ ಲೆಕ್ಕದ ಮುಕ್ತಾಯ, ಇನ್ನೊಂದು ಅರ್ಧವಾರ್ಷಿಕದ್ದು. ನಮ್ಮ ಕಡೆಯ ಸಂಗೀತದ ಎರಡು ದೊಡ್ಡ ಹಂಗಾಮುಗಳೂ ಅದೇ ಹೊತ್ತಿಗೆ ಬರುತ್ತವೆ. ರಾಮನವಮಿ ಮಾರ್ಚ್ ಕೊನೆಗೆ ಬರಬಹುದು, ಏಪ್ರಿಲ್ ನಡುವಿಗೂ ಬರಬಹುದು. ಗಣೇಶನ ಹಬ್ಬದಿಂದ ವಿಜಯದಶಮಿಯವರೆಗಿನ ಅವಧಿಯಲ್ಲಿ ಸೆಪ್ಟೆಂಬರ್ ತಿಂಗಳು ಸಿಕ್ಕಿಕೊಂಡೇ ಇರುತ್ತದೆ. ಮೈಸೂರಿನಲ್ಲೇ ಬೆಳೆದು, ಸುತ್ತಮುತ್ತಲ ಊರುಗಳಲ್ಲೇ ಹೆಚ್ಚಾಗಿ ಕೆಲಸ ಮಾಡಿದರೂ ನನಗೆ ಉತ್ಸವದ ಒಂದು ಕಚೇರಿಯನ್ನು ಮಂಗಳ ಹಾಡುವವರೆಗೆ ಕುಳಿತು ಕೇಳುವ ಯೋಗ ಬಂದದ್ದು ನಿವೃತ್ತಿಯ ನಂತರವೇ.

ಅರವತ್ತು ತುಂಬಿ ಮನೆಗೆ ಬಂದಾಗ ಹಿತೈಷಿಗಳು ಬೆಳಗಿನ ನಡಿಗೆ, ಯೋಗ, ಕಾಶಿಯಾತ್ರೆ ಎಂದು ದಿನಚರಿ ಹಾಕಿಕೊಟ್ಟರು. ನನಗೆ ಬೇಕಾಗಿದ್ದದ್ದು ದಿನಚರಿಯಲ್ಲ, ವರ್ಷಚರಿ. ಯಾವ ತಿಂಗಳಲ್ಲಿ ಏನು ಓದಬೇಕು, ಎಲ್ಲಿ ಕೇಳಬೇಕು, ಮನೆಯಲ್ಲಿ ಯಾರು ಇರುತ್ತಾರೆ ಎಂಬುದನ್ನು ಗಡಿಯಾರಕ್ಕಿಂತ ಪಂಚಾಂಗವೇ ಚೆನ್ನಾಗಿ ಹೇಳುತ್ತದೆ ಎಂದು ನಂಬಿ ಹೊರಟೆ. ಆ ನಂಬಿಕೆ ಇಂದಿಗೂ ಹಾಗೆಯೇ ಇದೆ.

ಎಲ್ಲಕ್ಕೂ ಮೂಲವಾದದ್ದು ಅಮ್ಮನ ಕಣ್ಣು. ಅಮ್ಮ ನಮ್ಮ ಜೊತೆಗಿದ್ದಾಳೆ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯ ಪುಟದವರೆಗೆ ಬಿಡದೆ ಓದುತ್ತಿದ್ದವಳಿಗೆ ನೋಟದ ನಡುಭಾಗವೇ ಮಸುಕಾಯಿತು. ಮುಖಗಳು ಅಂಚಿನಿಂದ ತಿಳಿಯುತ್ತವೆ, ಅಕ್ಷರ ಮಾತ್ರ ಹಿಡಿತಕ್ಕೆ ಬರುವುದಿಲ್ಲ. ನಾನು ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಲು ಶುರು ಮಾಡಿದೆ. ಕೆಲವು ದಿನ ಕೇಳಿದ ಮೇಲೆ ಅಮ್ಮ, "ಇದೆಲ್ಲ ನಾಳೆಗೆ ಹಳೆಯದಾಗುತ್ತದೆ. ನಮ್ಮಪ್ಪ ಓದುತ್ತಿದ್ದ ಭಾರತ ಓದು" ಎಂದಳು.

ಭಾರತ ಎಂದರೆ ಕುಮಾರವ್ಯಾಸನದು. ಅಮ್ಮನ ತವರಿನಲ್ಲಿ ಮಳೆ ಕೈಕೊಟ್ಟ ವರ್ಷ ದೇವಸ್ಥಾನದ ಪ್ರಾಂಗಣದಲ್ಲಿ ವಿರಾಟಪರ್ವ ಓದಿಸುತ್ತಿದ್ದರು. ಇದು ಅವಳ ಊರಿನ ಪದ್ಧತಿ ಮಾತ್ರವಲ್ಲ, ಕನ್ನಡ ನಾಡಿನ ಎಷ್ಟೋ ಹಳ್ಳಿಗಳಲ್ಲಿ ನಡೆದು ಬಂದದ್ದು. ಅದಕ್ಕೊಂದು ಕಾರಣವೂ ಕಥೆಯ ಒಳಗೇ ಇದೆ. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಎಲ್ಲಿ ಹುಡುಕಬೇಕೆಂದು ಕೌರವರ ಸಭೆ ಚರ್ಚಿಸುವಾಗ, ಧರ್ಮರಾಯ ಇರುವ ನಾಡಿನಲ್ಲಿ ಕಾಲಕ್ಕೆ ಸರಿಯಾಗಿ ಮಳೆಯಾಗುತ್ತದೆ, ಬೆಳೆ ತುಂಬಿರುತ್ತದೆ ಎಂದು ಭೀಷ್ಮ ಹೇಳುವ ಪ್ರಸಂಗ ವ್ಯಾಸರ ವಿರಾಟಪರ್ವದಲ್ಲಿ ಬರುತ್ತದೆ. ಪಾಂಡವರ ಕಥೆ ನಡೆಯುವಲ್ಲಿ ಮಳೆಯೂ ಬರಬೇಕು ಎಂಬುದು ರೈತರ ತರ್ಕ. ಓದು ಮುಗಿಯುವಷ್ಟರಲ್ಲಿ ಮಳೆ ಬಂದೇ ಬರುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ಓದು ಇಟ್ಟುಕೊಳ್ಳುತ್ತಿದ್ದದ್ದು ಆರಿದ್ರೆಯ ಹೊತ್ತಿಗೆ, ಜೂನ್ ಕೊನೆಯಲ್ಲಿ. ಹಾಗೆ ನಮ್ಮ ಮನೆಯಲ್ಲೂ ಆರಿದ್ರೆ ಮಳೆಯ ಜೊತೆ ವಿರಾಟಪರ್ವ ಆರಂಭವಾಯಿತು.

ಸುಮ್ಮನೆ ಓದಿದರೆ ಅಮ್ಮ ಒಪ್ಪಲಿಲ್ಲ. ಅವಳ ಕಿವಿಯಲ್ಲಿ ಇದ್ದದ್ದು ರಾಗದ ಓದು, ಗಮಕ. ಆದ್ದರಿಂದ ನಾನು ಬಡಾವಣೆಯಲ್ಲಿ ನಡೆಯುತ್ತಿದ್ದ ಗಮಕ ತರಗತಿಗೆ ಸೇರಿದೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಸಂಗೀತ ಗೊತ್ತಿಲ್ಲ ಎಂದು ಹಿಂಜರಿಯುವವರು ಬಹಳ ಮಂದಿ, ಅವರ ಹಿಂಜರಿಕೆಗೆ ಕಾರಣವೇ ಇಲ್ಲ.

ಗಮಕ ವಾಚನದಲ್ಲಿ ತಾಳದ ಕಟ್ಟಿಲ್ಲ. ಪಕ್ಕವಾದ್ಯ ಬೇಕಿಲ್ಲ. ಸಾಹಿತ್ಯ ಯಜಮಾನ, ರಾಗ ಅದರ ಹಿಂದೆ ನಡೆಯುತ್ತದೆ. ಕೇಳುವವರಿಗೆ ಪದ ತಿಳಿಯದಷ್ಟು ರಾಗ ಎಳೆದರೆ ಅದು ಗಮಕವಾಗುವುದಿಲ್ಲ. ನಾನು ಮಾಡುವ ಕ್ರಮ ಹೀಗೆ: ಹಿಂದಿನ ರಾತ್ರಿಯೇ ಮರುದಿನದ ಪದ್ಯಗಳನ್ನು ಗದ್ಯದಂತೆ ಓದಿ, ಪದ ಎಲ್ಲಿ ಒಡೆಯುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಹಾಕಿಕೊಳ್ಳುತ್ತೇನೆ. ಕುಮಾರವ್ಯಾಸನಲ್ಲಿ ಒಂದು ಪದ ಒಂದು ಸಾಲಿನ ತುದಿಯಲ್ಲಿ ಆರಂಭವಾಗಿ ಮುಂದಿನ ಸಾಲಿನಲ್ಲಿ ಮುಗಿಯುವುದು ಸಾಮಾನ್ಯ. ಅಲ್ಲಿ ಉಸಿರು ತೆಗೆದುಕೊಂಡರೆ ಅರ್ಥ ಕೆಡುತ್ತದೆ. ಆಮೇಲೆ ಮೊಬೈಲಿನಲ್ಲಿ ತಂಬೂರಿ ಶ್ರುತಿ ಹಾಕಿಕೊಂಡು, ದನಿಗೆ ಆಯಾಸವಾಗದಷ್ಟು ಕೆಳಗಿನ ಶ್ರುತಿಯಲ್ಲಿ ಓದುತ್ತೇನೆ. ರಾಗಗಳು ಏಳೆಂಟು ಸಾಕು. ಆರಂಭಕ್ಕೆ ನಾಟ, ಸಾಮಾನ್ಯ ಕಥನಕ್ಕೆ ಮೋಹನ ಅಥವಾ ಕಾಂಬೋಧಿ, ಕೋಪಕ್ಕೆ ಅಠಾಣ, ದುಃಖಕ್ಕೆ ಮುಖಾರಿ ಅಥವಾ ನಾದನಾಮಕ್ರಿಯೆ, ಮುಗಿಸಲು ಮಧ್ಯಮಾವತಿ. ಪ್ರತಿ ಸಂಧಿಯ ತಲೆಯಲ್ಲಿ ಆ ಸಂಧಿಯ ಕಥೆಯನ್ನು ಅಡಕವಾಗಿ ಹೇಳುವ ಸೂಚನೆಯ ಪದ್ಯ ಇರುತ್ತದೆ. ಅದನ್ನು ನಿಧಾನವಾಗಿ ಎರಡು ಸಲ ಹಾಡಿದರೆ ಕೇಳುವವರು ಕಥೆಯೊಳಗೆ ಬಂದು ಕೂರುತ್ತಾರೆ.

ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಪದ್ಯ, ಸಂಜೆ ದೀಪ ಹಚ್ಚಿದ ಮೇಲೆ. ಅದಕ್ಕಿಂತ ಹೆಚ್ಚು ಓದಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳುವವರು "ಇನ್ನೊಂದು ಸಂಧಿ" ಎಂದರೂ ಪುಸ್ತಕ ಮುಚ್ಚಬೇಕು. ಹತ್ತು ಪರ್ವಗಳ ಇಡೀ ಕಾವ್ಯ ಎಂಟು ಸಾವಿರ ಪದ್ಯಗಳನ್ನು ಮೀರುತ್ತದೆ. ಅದನ್ನು ಒಂದೇ ಓಟದಲ್ಲಿ ಮುಗಿಸುವ ಹಟ ನಮಗಿಲ್ಲ. ನಮ್ಮ ಮನೆಯಲ್ಲಿರುವುದು ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿ, ಮೈಸೂರು ಸರ್ಕಾರ 1958ರಲ್ಲಿ ಪ್ರಕಟಿಸಿದ ಪ್ರತಿ. ಸಾಮಾನ್ಯರ ಮನೆಗೂ ಹೋಗಲಿ ಎಂದು ಅಗ್ಗದ ಬೆಲೆಗೆ ಕೊಟ್ಟ ಪುಸ್ತಕವದು. ತಾತನ ಕಾಲದ ಆ ಪ್ರತಿಯ ಹಾಳೆಗಳು ಈಗ ಮುಟ್ಟಿದರೆ ಪುಡಿಯಾಗುತ್ತವೆ. ಓದಲು ದೊಡ್ಡ ಅಕ್ಷರದ ಹೊಸ ಮುದ್ರಣವನ್ನು ಇಟ್ಟುಕೊಂಡಿದ್ದೇನೆ.

ಅರ್ಥ ಹೇಳುವ ಕೆಲಸ ನಮ್ಮ ಯಜಮಾನರದು. ಅವರು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಸಾಹಿತ್ಯದ ಗೊಡವೆಗೆ ಹೋದವರಲ್ಲ. ಒಂದು ಸಂಜೆ ಭಾಮಿನಿ ಷಟ್ಪದಿಯ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳು ಬೀಳುವುದನ್ನು ಎಣಿಸಿದರು. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಆ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ಒಟ್ಟು 102 ಮಾತ್ರೆ. ಎಂಟು ಸಾವಿರ ಪದ್ಯಗಳಲ್ಲಿ ಈ ಲೆಕ್ಕ ತಪ್ಪದೆ, ಓದುವಾಗ ಲೆಕ್ಕದ ಸುಳಿವೇ ಸಿಗದಂತೆ ಬರೆಯುವುದು ಹೇಗೆ ಸಾಧ್ಯ ಎಂದು ಅವರು ಬೆರಗಾದರು. ಅಂದಿನಿಂದ ಅವರೂ ಟಿಪ್ಪಣಿಯ ಪುಸ್ತಕ, ನಿಘಂಟು ಹಿಡಿದು ಕೂರುತ್ತಾರೆ. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಇದೇ ಇರಬೇಕು. ಸಂಬಳ, ಸಾಲ, ಮಕ್ಕಳ ಶುಲ್ಕ ಎಲ್ಲವನ್ನೂ ಹಂಚಿಕೊಂಡು ನಿಭಾಯಿಸಿದ್ದೆವು. ಸೇರಿ ಮಾಡಿದ್ದು ಬೇರೆ.

ತುಂಗೆಯ ದಡದ ಮತ್ತೂರಿನ ಎದುರು ದಂಡೆಯ ಹೊಸಹಳ್ಳಿಯಲ್ಲಿ ಗಮಕ ಇಂದಿಗೂ ಊರಿನ ಬದುಕಿನ ಭಾಗ. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ತರಗತಿಯವರೆಲ್ಲ ಸಿಹಿ ಹಂಚಿದೆವು. ಅಂಥವರ ವಾಚನದ ಧ್ವನಿಮುದ್ರಣಗಳು ಸಿಗುತ್ತವೆ. ಕಲಿಯುವವರು ಅವನ್ನು ಕೇಳಬೇಕು, ಆದರೆ ನಕಲು ಮಾಡಲು ಹೋಗಬಾರದು. ಮನೆಯ ಓದಿಗೆ ಮನೆಯ ದನಿಯೇ ಸರಿ.

ಶ್ರಾವಣ ಕಳೆದು ಭಾದ್ರಪದ ಬಂದರೆ ಓದು ಹಿಂದೆ ಸರಿದು ಸಂಗೀತ ಮುಂದೆ ಬರುತ್ತದೆ. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ಗಣೇಶೋತ್ಸವದ ಕಚೇರಿಗಳು ನಡೆಯುವುದು ರಸ್ತೆಯಲ್ಲೇ, ಚಪ್ಪರದ ಕೆಳಗೆ. ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡಿ ಹೋಗುವ ಜಾಗ ಅದು. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಲು ಸಭಾಂಗಣಕ್ಕಿಂತ ರಸ್ತೆಯೇ ಅನುಕೂಲ. ಮೆಟ್ಟಿಲಿಲ್ಲ, ನಡುವೆ ಎದ್ದು ಬರಬೇಕಾದರೆ ಯಾರ ಕಾಲೂ ತುಳಿಯಬೇಕಾಗಿಲ್ಲ. ಮುಖ್ಯ ರಾಗದ ಆಲಾಪನೆ ಮುಗಿಯುವವರೆಗೆ ಅಮ್ಮ ಕೂರುತ್ತಾಳೆ, ಮೃದಂಗದವರು ತಾವೇ ನುಡಿಸುವ ತನಿ ಆವರ್ತನ ಶುರುವಾದರೆ ಮನೆಗೆ ಹೋಗೋಣ ಎನ್ನುತ್ತಾಳೆ. ನಮ್ಮ ಯಜಮಾನರಿಗೆ ಬೇಕಾಗಿರುವುದು ತನಿ ಆವರ್ತನವೇ, ಅಲ್ಲಿ ಲೆಕ್ಕವಿದೆ. ಹಾಗಾಗಿ ನಾನು ಅಮ್ಮನ ಜೊತೆ ಮೊದಲು ಹೊರಡುತ್ತೇನೆ, ಅವರು ಮಂಗಳ ಮುಗಿಸಿ ಬರುತ್ತಾರೆ.

ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಸರಸ್ವತಿಯ ಮುಂದೆ ಇಟ್ಟುಬಿಟ್ಟರೆ ವಿಜಯದಶಮಿಯವರೆಗೆ ತೆಗೆಯುವಂತಿಲ್ಲ. ಓದುವವರಿಗೆ ಆ ಬಿಡುವು ಬೇಕು ಎಂದು ನನಗೆ ಈಗ ಅನ್ನಿಸುತ್ತದೆ. ಅಷ್ಟು ದಿನ ಸಂಜೆ ಗೊಂಬೆಯ ಮುಂದೆ ಮಕ್ಕಳ ಹಾಡು, ಆರತಿ, ದಿನಕ್ಕೊಂದು ಚರಪು. ಶಾಲೆಗೆ ದಸರಾ ರಜೆ ಇರುವುದರಿಂದ ಬೆಂಗಳೂರಿನಿಂದ ಮಗಳು, ಅಳಿಯ, ಮೊಮ್ಮಗಳು ಬರುತ್ತಾರೆ. ಒಂದು ಸಂಜೆಯಾದರೂ ಅರಮನೆಯ ಮುಂದಿನ ಕಚೇರಿಗೆ ಹೋಗುತ್ತೇವೆ, ದೀಪ ನೋಡಿದ ಹಾಗೂ ಆಗುತ್ತದೆ. ವಿಜಯದಶಮಿಯ ದಿನ ಪುಸ್ತಕ ಕೆಳಗಿಳಿಸಿ, ಒಂದು ಪದ್ಯವನ್ನಾದರೂ ಓದಿಯೇ ಊಟಕ್ಕೆ ಏಳುವುದು.

ಚಳಿಗಾಲದಲ್ಲಿ ನನ್ನ ಗಂಟಲು ಸಂಜೆ ಒಪ್ಪುವುದಿಲ್ಲ, ಗಮಕ ಮಾಡುವುದಿಲ್ಲ. ಧನುರ್ಮಾಸದ ಹುಗ್ಗಿ, ಬೆಳಗಿನ ದೇವಸ್ಥಾನ, ಸಂಕ್ರಾಂತಿಯ ಎಳ್ಳು ಬೀರುವುದು ಎಲ್ಲರ ಮನೆಯಂತೆ ನಮ್ಮಲ್ಲೂ ಇದೆ. ಡಿಸೆಂಬರ್ ಬಂತೆಂದರೆ ಸೊಗಡಿನ ಅವರೆಕಾಯಿ. ನಾನು, ಅಮ್ಮ ಕೂತು ನೆನೆಸಿದ ಕಾಳನ್ನು ಹಿತುಕುವಾಗ ನಮ್ಮ ಯಜಮಾನರು ಗದ್ಯ ಓದುತ್ತಾರೆ: ಸಣ್ಣ ಕಥೆ, ಪ್ರವಾಸ ಕಥನ, ಒಮ್ಮೊಮ್ಮೆ ಆತ್ಮಕಥೆ. ಅಮ್ಮನ ಬೆರಳಿಗೆ ಕಣ್ಣು ಬೇಕಿಲ್ಲ, ನನಗಿಂತ ಬೇಗ ಹಿತುಕುತ್ತಾಳೆ.

ರಾಮನವಮಿಗಾಗಿ ನಾನು ಕಾಯುವ ಹಾಗೆ ಬೇರೆ ಯಾವ ಹಬ್ಬಕ್ಕೂ ಕಾಯುವುದಿಲ್ಲ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ರಾಮಮಂದಿರವಿದೆ. ಪಿಟೀಲಿನ ಚೌಡಯ್ಯನವರಿಗೆ ಗುರುವಾಗಿದ್ದ ಕೃಷ್ಣಪ್ಪನವರು ರಾಮನ ಸೇವೆಗೆ, ಸಂಗೀತಕ್ಕೆ ಎಂದೇ ಕಟ್ಟಿಸಿದ ಮಂದಿರ. ಒಬ್ಬ ಹಾಡುಗಾರ ಸಂಗೀತಕ್ಕೆ ಮನೆ ಕಟ್ಟಿಸಿಕೊಟ್ಟು ಹೋದ ಜಾಗದಲ್ಲಿ ಕೂತು ಕೇಳುವಾಗ ಕೃತಜ್ಞತೆಯಿಂದ ಮನಸ್ಸು ತುಂಬುತ್ತದೆ. ಬಳಿಕ ಕೆಲವು ದಿನ ಬೆಂಗಳೂರಿನ ಮಗಳ ಮನೆ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಉತ್ಸವ ವಾರಗಟ್ಟಲೆ ನಡೆಯುತ್ತದೆ. ಎಲ್ಲ ಕಚೇರಿಗೂ ಹೋಗಬೇಕೆಂಬ ಆಸೆಯನ್ನು ನಾನು ಬಿಟ್ಟಿದ್ದೇನೆ. ಒಂದು ದಿನ ಕೇಳಿದ್ದನ್ನು ಮರುದಿನ ಮನಸ್ಸಿನಲ್ಲಿ ತಿರುವಿ ಹಾಕಲು ಬಿಡುವು ಬೇಕು. ಕೇಳಿದ ಕೃತಿಯ ಸಾಹಿತ್ಯವನ್ನು ಹುಡುಕಿ ಬರೆದುಕೊಳ್ಳುತ್ತೇನೆ, ರಾಗದ ಹೆಸರು ಪಕ್ಕದಲ್ಲಿ. ಆ ರಾಗ ಮುಂದೆ ಯಾವುದೋ ಷಟ್ಪದಿಗೆ ಒದಗುತ್ತದೆ. ಕಳೆದ ಸಲ ಕೇಳಿದ ಬಿಲಹರಿ ಅರ್ಜುನನ ಮಾತಿಗೆ ಬಂದು ಕೂತದ್ದು ಹೀಗೆಯೇ.

ಬೇಸಿಗೆ ರಜೆ ಮೊಮ್ಮಗಳದು. ಭಾರತದ ದೊಡ್ಡ ಹರಹು ಅವಳಿಗೆ ಭಾರ, ಕೆಲವೇ ಸಂಧಿಗಳಲ್ಲಿ ಮುಗಿಯುವ ಕಥೆ ಬೇಕು. ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಪ್ರಸಂಗ ಅದಕ್ಕೆ ಹೇಳಿ ಮಾಡಿಸಿದ್ದು. ವಿಷವನ್ನು ಕೊಡು ಎಂದಿದ್ದ ಓಲೆಯನ್ನು ವಿಷಯೆ ತನ್ನ ಹೆಸರಿಗೆ ತಿದ್ದುವ ಭಾಗ ಬಂದಾಗ ಅವಳು, "ಅಜ್ಜಿ, ಸಿಕ್ಕಿಬಿದ್ದರೆ?" ಎಂದು ಉಸಿರು ಬಿಗಿ ಹಿಡಿದಳು. ಓದು ನಡೆಯುವುದು ಬೆಳಿಗ್ಗೆ, ತಾರಸಿಯ ಮೇಲೆ ಹಪ್ಪಳ ಹರವಿ ಬಂದ ಮೇಲೆ, ಬಿಸಿಲೇರುವ ಮುಂಚೆ. ಐದೈದು ಮಾತ್ರೆಯ ವಾರ್ಧಕ ಷಟ್ಪದಿಗೆ ಅವಳ ತಾತ ತೊಡೆ ತಟ್ಟಿ ಲೆಕ್ಕ ಹೇಳಿಕೊಡುತ್ತಾರೆ. ಈಗ ಅವಳು ನನಗಿಂತ ಚೆನ್ನಾಗಿ ಗಣ ವಿಭಾಗ ಮಾಡುತ್ತಾಳೆ. ಪುಣೆಯಲ್ಲಿರುವ ಮಗನೂ ಭಾನುವಾರ ಫೋನಿನಲ್ಲಿ ಕೇಳುತ್ತಾನೆ, ಸೊಸೆ ಮರಾಠಿಯವಳಾದ್ದರಿಂದ ಅರ್ಥವನ್ನು ಅವನೇ ಹೇಳುತ್ತಾನೆ. ಶಾಲೆಯಲ್ಲಿ ಕನ್ನಡದ ಪಾಠವೆಂದರೆ ಓಡುತ್ತಿದ್ದ ಹುಡುಗ ಅವನು.

ಆರಂಭಿಸುವವರಿಗೆ ನಾನು ಹೇಳುವುದು ಇಷ್ಟೇ: ಕೇಳುವವರು ಒಬ್ಬರಾದರೂ ಮನೆಯಲ್ಲಿ ಇರಲಿ, ಅವರಿಗೆ ಗೊತ್ತಿರುವ ಕಥೆಯಿಂದ ಶುರು ಮಾಡಿ. ಗೊತ್ತಿರುವ ಕಥೆಯನ್ನೇ ಜನ ಹೆಚ್ಚು ಆಸೆಯಿಂದ ಕೇಳುತ್ತಾರೆ. ಅಮ್ಮ ನನಗಿಂತ ಒಂದು ಪದ ಮುಂದೆಯೇ ಇರುತ್ತಾಳೆ. ಎಷ್ಟೋ ಪದ್ಯಗಳ ಕೊನೆಯ ಸಾಲನ್ನು ಇಬ್ಬರೂ ಒಟ್ಟಿಗೆ ಹೇಳುತ್ತೇವೆ.

ಈ ವರ್ಷ ಅವಳು ಕರ್ಣಪರ್ವ ಬೇಕೆಂದು ಹಟ ಹಿಡಿದಿದ್ದಾಳೆ. ಅವಳು ಅಳುತ್ತಾಳೆಂದು ನಾನು ಮುಂದೂಡುತ್ತಲೇ ಬಂದಿದ್ದೆ. "ಅಳುವುದಕ್ಕೇ ಕೇಳುವುದು" ಎಂದಳು. ಕಾರ್ತಿಕಕ್ಕೆ ಇಟ್ಟುಕೊಂಡು ಮುಖಾರಿಯನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ. ಅದಕ್ಕೆ ಮೊದಲು ವಿರಾಟಪರ್ವ ಎಂದಿನಂತೆ ಇದೆ. ಅಂತಃಪುರದ ಹೆಂಗಸರ ಮುಂದೆ ಉತ್ತರಕುಮಾರ ಪೌರುಷ ಕೊಚ್ಚಿಕೊಳ್ಳುವ ಪದ್ಯಗಳನ್ನು ತಾನೇ ಓದುವುದಾಗಿ ಮೊಮ್ಮಗಳು ಹೇಳಿದ್ದಾಳೆ. ಜುಲೈನಲ್ಲಿ ಶಾಲೆ ಇರುವುದರಿಂದ ಆ ಸಂಧಿಯನ್ನು ಶನಿವಾರಕ್ಕೆ ಹೊಂದಿಸಿಕೊಂಡಿದ್ದೇವೆ, ಮಗಳು ಅವಳನ್ನು ಶುಕ್ರವಾರ ಸಂಜೆಯ ರೈಲಿಗೆ ಕರೆದುಕೊಂಡು ಬರುತ್ತಾಳೆ.